ಊಟದೆಲೆಯ ಮೇಲಿನ ವಾಷರು

"ಆ ಪೆಟ್ಟಿಗೆ ಮುಚ್ಚಿದೆಯೋ, ನಿನ್ನ ಬೆರಳು ಅದರೊಳಗೇ ಉಳಿಯುತ್ತೆ, ನೋಡು!"

ಸತ್ಯಮೂರ್ತಿಯ ಗಂಟಲಿಗೆ ಮುಂಬಯಿಯ ಸಯನ್ ಸ್ಟೇಷನ್ನಿನ ಹಿಂದಿನ ಲಾರಿ ಯಾರ್ಡು ಪೂರ್ತಿ ತಿರುಗಿ ನೋಡಿತು. ಪೆಟ್ಟಿಗೆಯ ಮುಚ್ಚಳ ಹಿಡಿದಿದ್ದ ಹವಾಲ್ದಾರ ತಟ್ಟನೆ ಕೈ ಬಿಟ್ಟ. ಕನ್ನಡ ತಿಳಿಯದಿದ್ದರೂ ಬೈಗುಳ ಅವನಿಗೆ ಚೆನ್ನಾಗಿ ತಿಳಿದಿತ್ತು.

"ಸಾಬ್, ಪಂಚನಾಮಾ ಹೋಗಯಾ. ಅಬ್ ಕ್ಯಾ ದೇಖ್ನೇ ಕಾ ಹೈ?"

"ನೀವು ಕಣ್ಣು ಮುಚ್ಚಿಕೊಂಡು ಬರೆದದ್ದನ್ನ ನಾನು ಕಣ್ಣು ಬಿಟ್ಟು ನೋಡಬೇಕಾಗಿದೆ. ಸರಿ ಆ ಕಡೆ!"

ಮೊನ್ನೆ ದೀಪ ಹಚ್ಚುವ ಹೊತ್ತಿಗೆ ಜಾಕ್ ಕೊಟ್ಟು ಎತ್ತಿದ್ದ ಇದೇ ಯಾತ್ರಾ ಮೋಟಾರಿನ ಅಡಿಯಲ್ಲಿ ಡ್ರೈವರ್ ದೂಜ ಎದೆ ನಜ್ಜುಗುಜ್ಜಾಗಿ ಸತ್ತುಬಿದ್ದಿದ್ದ. ನಿನ್ನೆ ಬೆಳಗಾಗುವುದರೊಳಗೆ ಪೊಲೀಸರು ಧಾರಾವಿಯ ಚರ್ಮದ ಕೆಲಸದ ಗದಿಗೆಪ್ಪನನ್ನು ಕೊಲೆಗಾರನೆಂದು ಒಳಗೆ ಹಾಕಿದ್ದರು.

ಮೋಟಾರು ಇನ್ನೂ ಅಲ್ಲೇ ನಿಂತಿತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಲಾರಿ. ಮಾಟುಂಗದ ಹೊಟೇಲು ಮಾಲೀಕ ಮೋನಪ್ಪ ಅದರ ಬೆನ್ನ ಮೇಲೆ ಒಂದು ಮನೆಯನ್ನೇ ಕಟ್ಟಿಸಿದ್ದ: ಮಲಗಲು ಹಲಗೆಗಳು, ಹಿಂದುಗಡೆ ಅಡಿಗೆಮನೆ, ತಲೆಯ ಮೇಲೆ ನೀರಿನ ತೊಟ್ಟಿ. ಶುಕ್ರವಾರ ಮಾಟುಂಗದ ಸಂಸಾರಗಳನ್ನು ಹತ್ತಿಸಿಕೊಂಡು ಘಾಟಿ ಇಳಿದು ಹತ್ತಿ ರಾಮೇಶ್ವರದವರೆಗೆ ಹೋಗಿ ಬರಬೇಕಾದ ಗಾಡಿ ಅದು. ಸತ್ಯಮೂರ್ತಿಯ ಹೆಂಡತಿಯ ಹೆಸರೂ ಆ ಯಾತ್ರೆಯ ಪಟ್ಟಿಯಲ್ಲಿತ್ತು.

"ಸತ್ಯಮೂರ್ತಿಯವರೇ, ನೀವು ಎಂತದಕ್ಕೆ ಇಷ್ಟು ಬಿಸಿ ಆಗುದು?" ಮೋನಪ್ಪ ಮೆಲ್ಲಗೆ ಹತ್ತಿರ ಬಂದ. ಎತ್ತರದ ಆಳು, ಬಿಳಿ ಶರಟು, ಅತ್ತು ಕೆಂಪಾದ ಕಣ್ಣು. "ದೂಜ ನಮ್ಮ ಊರಿನವ. ನನಗೆ ಬೇಸರ ಇಲ್ಲವಾ? ಕೊಂದ ಕಳ್ಳ ಸಿಕ್ಕಿ ಆಯ್ತಲ್ಲ. ನೀವು ಜಾಕ್ ಸರಿ ಉಂಟು ಅಂತ ನಿಮ್ಮ ಇನ್ಶೂರೆನ್ಸಿನವರಿಗೆ ಹೇಳಿದ್ರೆ ಸಾಕು. ನಿಮ್ಮನ್ನು ಕರೆಸಿದ್ದು ಅದಕ್ಕೇ."

ಮೋಟಾರು ಅಪಘಾತಗಳನ್ನು ತಪಾಸಣೆ ಮಾಡುವುದೇ ಸತ್ಯಮೂರ್ತಿಯ ಕಸುಬು. ಮೋನಪ್ಪನ ಹೊಟೇಲಿನಲ್ಲಿ ಮ್ಯಾನೇಜರ್ ಆಗಿದ್ದ ತನ್ನ ಭಾವಮೈದುನ ಶೇಖರನ ಮಾತಿಗೆ ಕಟ್ಟುಬಿದ್ದು ಇಲ್ಲಿಗೆ ಬಂದಿದ್ದ.

"ಜಾಕ್ ಸರಿಯಾಗೇ ಇದೆ," ಅವನು ಹಲ್ಲು ಕಚ್ಚಿ ಹೇಳಿದ. "ಸರಿಯಿಲ್ಲದ್ದು ಬೇರೆ."

ಡ್ರೈವರಿನ ಸೀಟಿನ ಕೆಳಗಿನಿಂದ ಎರಡು ಮರದ ಅಡೆಗಳನ್ನು ಎಳೆದು ಹೊರಗೆ ಹಾಕಿದ. ತೇಗದ ದಪ್ಪ ದಿಮ್ಮಿಗಳು. ಒಂದೊಂದನ್ನು ಎತ್ತುವುದಕ್ಕೇ ಅವನ ಸೊಂಟ ಹಿಡಿಯಿತು.

"ಜಾಕ್ ಏರಿಸಿದ ಮೇಲೆ ಇವನ್ನು ಆಕ್ಸಲ್ಲಿನ ಕೆಳಗೆ ನಿಲ್ಲಿಸದೆ ದೂಜ ಗಾಡಿಯ ಕೆಳಗೆ ತಲೆ ಹಾಕುತ್ತಿರಲಿಲ್ಲ. ಜಾಕ್ ಜಾರಿದರೂ ಗಾಡಿ ಇವುಗಳ ಮೇಲೆ ಕೂರುತ್ತೆ, ಆಳು ಬದುಕುತ್ತಾನೆ. ಇಲ್ಲಿ ನೋಡಿ, ದಿಮ್ಮಿಯ ತಲೆಯ ಮೇಲೆ ಹನಿ ಹನಿ ಎಣ್ಣೆ. ಚಕ್ರದ ಹಬ್ಬಿನಿಂದ ಸೋರಿದ್ದು, ಇನ್ನೂ ಹಸಿ. ಅಂದರೆ ಮೊನ್ನೆ ಇವು ಗಾಡಿಯ ಅಡಿಯಲ್ಲೇ ಇದ್ದವು. ಯಾರೋ ಎಳೆದು ತೆಗೆದರು, ಜಾಕ್ ಒದ್ದರು, ಆಮೇಲೆ ಬುದ್ಧಿವಂತರ ಹಾಗೆ ಸೀಟಿನ ಕೆಳಗೆ ಇಟ್ಟರು."

"ಆ ಗದಿಗೆಪ್ಪನೇ ಇಟ್ಟಿರ್ಬೇಕು."

"ಗದಿಗೆಪ್ಪನಿಗೆ ಇವು ಇರುವ ಜಾಗ ಹೇಗೆ ಗೊತ್ತು, ಮೋನಪ್ಪನವರೇ?"

ಮೋನಪ್ಪ ಹವಾಲ್ದಾರನ ಕಡೆ ನೋಡಿದ. ಗದಿಗೆಪ್ಪನ ಹೆಸರು ಕೇಳಿದ್ದೇ ಅವನು ತನ್ನ ಹಿಂದಿಯಲ್ಲಿ ಕೇಸು ಒಪ್ಪಿಸಿದ. ಗದಿಗೆಪ್ಪ ಮೊನ್ನೆ ಮಧ್ಯಾಹ್ನ ಗಾಳಿ ಪಂಪಿನ ಚರ್ಮದ ವಾಷರು ತಂದುಕೊಟ್ಟಿದ್ದ. ಬಿಸಿಲಿಗೆ ಮೋಟಾರಿನ ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಕ್ಕೆ ಯಾರೋ ಗದರಿದಾಗ ವಾಪಸು ಗದರಿದ್ದ. ಸಂಜೆ ಮತ್ತೆ ಬಂದಿದ್ದ. ಬಿಡಿಭಾಗ ಕದಿಯುವಾಗ ದೂಜ ನೋಡಿದ, ಇವನು ಜಾಕ್ ಒದ್ದ. ಇಷ್ಟೇ ಅವರ ಕೇಸು. ಚರ್ಮ ಕೊಯ್ಯುವವನಿಗೆ ಮನುಷ್ಯನ ಮೇಲೆ ಕೈ ಮಾಡುವುದೇನು ಕಷ್ಟ ಎಂದು ಬೇರೆ ಹೇಳಿ ಹಲ್ಲು ಕಿರಿದ.

ಸತ್ಯಮೂರ್ತಿಗೆ ಆ ಹಲ್ಲು ಉದುರಿಸಬೇಕೆನಿಸಿತು. ಉದುರಿಸಿದರೆ ಗದಿಗೆಪ್ಪನ ಪಕ್ಕದಲ್ಲೇ ತಾನೂ ಕೂರಬೇಕಾಗುತ್ತದೆಂದು ನೆನಪಾಗಿ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತ.

ದೂಜನ ಬಿಡಿಭಾಗದ ಪೆಟ್ಟಿಗೆ ಯಾರ್ಡಿಗೆಲ್ಲ ಹೆಸರಾಗಿತ್ತು. ಘಾಟಿಯ ಮೇಲೆ ಅಂಗಡಿ ಇಲ್ಲ ಮಾರಾಯ್ರೆ ಎನ್ನುವುದು ಅವನ ಮಾತು. ಬೇಕಾದ್ದೆಲ್ಲ ಪೆಟ್ಟಿಗೆ ಸೇರುವ ತನಕ ಕೀಲಿ ತಿರುಗಿಸುವುದಿಲ್ಲ ಎಂದು ಪಟ್ಟು ಹಿಡಿದಿದ್ದ. ಟೈರು ಬಿಚ್ಚುವ ಸಲಾಕೆ, ಟ್ಯೂಬಿಗೆ ಹಚ್ಚುವ ತೇಪೆ ಮತ್ತು ಸೊಲ್ಯೂಷನ್, ಗಾಳಿ ಪಂಪು, ಬ್ರೇಕಿನ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಕಪ್ಪುಗಳು, ಫ್ಯಾನ್ ಬೆಲ್ಟು, ರೇಡಿಯೇಟರಿನ ಕೊಳವೆ, ಸ್ಪಾರ್ಕ್ ಪ್ಲಗ್ಗು, ಇಗ್ನಿಷನ್ ಕಾಯಿಲು, ಸುತ್ತಿದ ತಂತಿ, ಹಗ್ಗ, ಲಾಂದ್ರ. ಹೊಟ್ಟೆಗೆ ಮೊದಲು ಗಾಡಿಗೆ ಬುತ್ತಿ ಕಟ್ಟುವ ಮನುಷ್ಯ.

ಈಗ ಅದರಲ್ಲಿ ಉಳಿದದ್ದೆಲ್ಲ ಗೋಣಿಯ ಮೇಲೆ ಚೆಲ್ಲಿತ್ತು. ಸತ್ಯಮೂರ್ತಿ ಒಂದೊಂದನ್ನೇ ಕೈಗೆತ್ತಿಕೊಂಡ.

"ವಿಚಿತ್ರ ಕಳ್ಳ. ಕಾಯಿಲು ಬಿಟ್ಟಿದ್ದಾನೆ, ಪ್ಲಗ್ಗು ಬಿಟ್ಟಿದ್ದಾನೆ. ಚೋರ್ ಬಜಾರಿನಲ್ಲಿ ಕೈಯಿಂದ ಕಿತ್ತುಕೊಳ್ಳುವ ಮಾಲು ಇವು. ಒಯ್ದದ್ದೇನು? ಬೆಲ್ಟು, ಬ್ರೇಕಿನ ಕಪ್ಪು, ಕೊಳವೆ. ಬರೀ ರಬ್ಬರು!"

ಪೆಟ್ಟಿಗೆಯ ತಳದಲ್ಲಿ ಹಾಸಿದ್ದ ಹಳೆಯ ಪೇಪರಿನ ಮೇಲೆ ದುಂಡಗೆ ಕಪ್ಪು ಕರೆ. ಬೆರಳಿಂದ ಒರಸಿ ಮೂಸಿದ. ಎಂಜಿನ್ನಿನ ಎಣ್ಣೆಯಲ್ಲ, ಗ್ರೀಸೂ ಅಲ್ಲ. ಬೂಟ್ ಪಾಲಿಶ್.

ಸವೆದು ಬಿರುಕು ಬಿಟ್ಟ ಬೆಲ್ಟಿಗೆ ಕಪ್ಪು ಪಾಲಿಶ್ ತಿಕ್ಕಿ ಹೊಸದೆಂದು ಕೊಡುವ ಕಸುಬು ಸತ್ಯಮೂರ್ತಿ ಎಷ್ಟು ಸಲ ಕಂಡಿಲ್ಲ! ಕೊಂಡವನು ಘಾಟಿಯ ತಿರುವಿನಲ್ಲಿ ಅದನ್ನು ಹಾಕಿ ಹತ್ತು ಮೈಲಿ ಹೋಗುವುದರೊಳಗೆ ಅದು ಹರಿಯುತ್ತದೆ. ಬೆಲ್ಟಾದರೆ ಗಾಡಿ ನಿಲ್ಲುತ್ತದೆ. ಬ್ರೇಕಿನ ಕಪ್ಪಾದರೆ ಗಾಡಿ ನಿಲ್ಲುವುದಿಲ್ಲ.

ಆಗ ಅವನ ಕಣ್ಣಿಗೆ ಬಿತ್ತು ಅದು. ಗೋಣಿಯಿಂದ ಒಂದು ಮಾರು ದೂರ, ಚಕ್ರದ ಮರೆಯಲ್ಲಿ, ಮುತ್ತುಗದ ಒಂದು ಊಟದೆಲೆ. ಎಲೆಯ ಮೇಲೆ ಗದಿಗೆಪ್ಪ ಮಾಡಿಕೊಟ್ಟ ಚರ್ಮದ ವಾಷರುಗಳು, ಹರಳೆಣ್ಣೆಯಲ್ಲಿ ನೆಂದವು, ಅಚ್ಚುಕಟ್ಟಾಗಿ ಗುಡ್ಡೆ ಹಾಕಿದ್ದವು. ಪಕ್ಕದಲ್ಲೇ ಕಬ್ಬಿಣದ ಒಂದು ಇಕ್ಕಳ. ಒಲೆಯಿಂದ ಕೆಂಡ ಎತ್ತುವಂಥದ್ದು.

ಅವನು ಇಕ್ಕಳ ಎತ್ತಿ ನೋಡಿದ. ಮಸಿ ಇಲ್ಲದ ಹೊಚ್ಚ ಹೊಸದು. ತುದಿಗೆ ಹರಳೆಣ್ಣೆ.

"ಹವಾಲ್ದಾರ್, ಇದು ಪಂಚನಾಮೆಯಲ್ಲಿದೆಯಾ?"

"ವೋ ತೋ ಕಚರಾ ಹೈ, ಸಾಬ್."

"ಕಸ ನಿನ್ನ ತಲೆಯೊಳಗಿದೆ! ಗದಿಗೆಪ್ಪ ಹುಟ್ಟಿದಾಗಿನಿಂದ ಚರ್ಮ ಮುಟ್ಟಿದವನು. ತಾನೇ ಕೊಯ್ದು, ತಾನೇ ತಟ್ಟಿ ಮಾಡಿದ ವಾಷರನ್ನು ಇಕ್ಕಳದಲ್ಲಿ ಎತ್ತಿ ಬೇರೆ ಇಡುತ್ತಾನೇನಯ್ಯಾ? ಬೇರೆ ಎಲ್ಲ ಸಾಮಾನು ಕೈಯಲ್ಲಿ ಬಾಚಿ ಹಾಕಿದವನು ಇದೊಂದನ್ನು ಮಾತ್ರ ಮುಟ್ಟಲಾರದೆ ಹೋದ. ಪೆಟ್ಟಿಗೆ ಬಿಚ್ಚಿದವನಿಗೆ ಚರ್ಮ ಅಂದರೆ ಹೇಸಿಗೆ. ಇಷ್ಟು ಸಾಲದೇನು, ಆ ಬಡವನನ್ನು ಬಿಡುವುದಕ್ಕೆ?"

ಸಾಲದು ಎನ್ನುವಂತೆ ಹವಾಲ್ದಾರ ಆಕಳಿಸಿದ. ಮೋನಪ್ಪ ಎಲೆಯನ್ನೇ ನೋಡುತ್ತ ಒಂದು ಗಳಿಗೆ ನಿಂತು, ಹೊಟೇಲಿನಲ್ಲಿ ಕೆಲಸ ಉಂಟೆಂದು ತನ್ನ ಕಪ್ಪು ಕಾರು ಹತ್ತಿ ಹೊರಟುಹೋದ.

ಸತ್ಯಮೂರ್ತಿ ಒಂದು ವಾಷರನ್ನು ಜೇಬಿಗೆ ಹಾಕಿಕೊಂಡ. ಎಲೆ, ಇಕ್ಕಳ ಎರಡನ್ನೂ ಗೋಣಿಯ ಚೂರಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಗೇಟಿಗೆ ಬಂದ. ಅಲ್ಲಿ ಬೆಳಗಿನಿಂದ ಕೂತಿದ್ದ ನಾಗವ್ವ ಎದ್ದು ನಿಂತಳು. ಗದಿಗೆಪ್ಪನ ಹೆಂಡತಿ. ಅತ್ತಿರಲಿಲ್ಲ. ಮುಖ ಬಿಗಿದುಕೊಂಡಿತ್ತು.

"ರಾತ್ರೆಲ್ಲಾ ಬಡದಾರ್ರೀ. ಕೊಂದೀನಿ ಅಂತ ಹೆಬ್ಬಟ್ಟು ಒತ್ತು ಅಂತಾರ. ನಾಳಿ ಮುಂಜಾನಿ ಕೋರ್ಟಿಗೆ ಒಯ್ತಾರಂತ."

"ಒತ್ತಬೇಡ ಅಂತ ಹೇಳಮ್ಮ."

"ಹೇಳೀನ್ರೀ. ನಾ ಹೇಳಾಕ ಎಷ್ಟೊತ್ತರೀ? ಬಡಿಸ್ಕೊಳ್ಳಾಂವ ಅವ. ಎಷ್ಟಂತ ತಡೀತಾನ? ಒತ್ತಿದ ಅಂದ್ರ ಗಲ್ಲಿಗೆ ಹಾಕ್ತಾರ. ನೀವು ಯಾರನ್ನ ಹುಡುಕಾಕ ಹೊಂಟೀರಿ?"

"ಪೆಟ್ಟಿಗೆ ಬಿಚ್ಚಿದವನನ್ನ."

"ನಾನೂ ಬರ್ತೀನ್ರಿ. ಠಾಣೆ ಮುಂದ ಕುಂತಾತು, ಗೇಟಿನ ಮುಂದ ಕುಂತಾತು."

ಬಾ ಎಂದು ಅವನು ಮುಂದೆ ನಡೆದ.

*

ಮಾಟುಂಗದಲ್ಲಿ ಮೋನಪ್ಪನ ಹೊಟೇಲಿನ ಅಡಿಗೆಮನೆಯಲ್ಲಿ ಐತಾಳರು ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ಬರಿ ಮೈ, ಬೆವರು, ಜನಿವಾರಕ್ಕೆ ಕಟ್ಟಿದ ಪುಟ್ಟ ಕೀಲಿಕೈ. ಯಾತ್ರೆಗೆ ಅಡಿಗೆ ಮಾಡಲು ಹೊರಟಿದ್ದ ಮುಖ್ಯ ಭಟ್ಟರು ಇವರೇ. ಸ್ಟವ್ವಿನ ಪಂಪಿನೊಳಗೆ ಚರ್ಮ ಇರುತ್ತದೆ, ಅದರ ಬೆಂಕಿಯಲ್ಲಿ ಬೆಂದದ್ದನ್ನು ನಾನು ಬಡಿಸುವುದಿಲ್ಲ ಎಂದು ಹಟ ಹಿಡಿದು ಮೋಟಾರಿನ ಅಡಿಗೆಮನೆಗೆ ಇದ್ದಿಲ ಒಲೆಯನ್ನೇ ಹಾಕಿಸಿದ್ದರು. ಮುಂಬಯಿಯಲ್ಲಿ ಇಷ್ಟು ಮಡಿಯ ಮನುಷ್ಯ ಇನ್ನೊಬ್ಬನಿಲ್ಲ ಎಂದು ಮಾಟುಂಗವೇ ಹೇಳುತ್ತಿತ್ತು.

ಸತ್ಯಮೂರ್ತಿ ನೇರವಾಗಿ ಇವರ ಕೊರಳಿಗೇ ಬಂದಿದ್ದ. ನಾಗವ್ವ ಹಿಂದಿನ ಓಣಿಯಲ್ಲಿ ನಿಂತಳು.

"ಮೊನ್ನೆ ಸಂಜೆ ಎಲ್ಲಿದ್ದಿರಿ, ಐತಾಳರೇ?"

"ಇಲ್ಲೇ. ಇನ್ನೆಲ್ಲಿಗೆ ಹೋಗುದು? ಸಂಜೆಗೆ ಈ ಒಲೆ ಬಿಟ್ಟು ಹೋದ್ರೆ ಹೊರಗೆ ಕೂತವರು ನನ್ನನ್ನೇ ತಿಂದಾರು."

"ದೂಜನ ಪೆಟ್ಟಿಗೆ ಮುಟ್ಟಿದಿರಾ?"

"ಆ ಪೆಟ್ಟಿಗೆಯಾ?" ಐತಾಳರು ಸೌಟು ಕೆಳಗಿಟ್ಟರು. "ಅದರ ಹತ್ತಿರ ನಾನು ಸುಳಿಯುವವನಾ? ಅದರೊಳಗೆ ಎಂತೆಂತ ಉಂಟೋ ಏನೋ."

"ಹಾಗಾದರೆ ಇದು ಯಾರ ಕೆಲಸ?" ಸತ್ಯಮೂರ್ತಿ ಗೋಣಿ ಬಿಚ್ಚಿ ಬಾಗಿಲ ಹೊರಗಿನ ಕಲ್ಲಿನ ಮೇಲೆ ಒದರಿದ. "ಹೇಳಿ! ಚರ್ಮ ಮುಟ್ಟಿದರೆ ಲೋಕ ಮುಳುಗುತ್ತದೆ ಅನ್ನುವವರು ನಿಮ್ಮನ್ನು ಬಿಟ್ಟು ಆ ಯಾರ್ಡಿನಲ್ಲಿ ಇನ್ಯಾರಿದ್ದಾರೆ? ವಾಷರುಗಳನ್ನು ಇಕ್ಕಳದಲ್ಲಿ ಎತ್ತಿ, ಎಲೆಯ ಮೇಲೆ ಇಟ್ಟು, ಕೈ ಮೈಲಿಗೆಯಾಗಲಿಲ್ಲ ಅಂತ ಸಂತೋಷಪಟ್ಟ ಪುಣ್ಯಾತ್ಮ ಯಾರು? ಅದಕ್ಕೋಸ್ಕರ ಅಲ್ಲಿ ಒಬ್ಬನ ಬೆನ್ನಿನ ಚರ್ಮ ಸುಲಿಯುತ್ತಿದ್ದಾರೆ!"

ಐತಾಳರು ಬಾಗಿ ನೋಡಿದರು. ನೋಡಿದವರ ಮುಖಕ್ಕೆ ರಕ್ತ ನುಗ್ಗಿತು.

"ಊಟದೆಲೆ ಮೇಲೆ ಚರ್ಮ ಇಟ್ಟದ್ದಾ? ಯಾತ್ರೆಯ ಎಲೆ ಇದು! ನಾನು ಆರಿಸಿ ಕಟ್ಟು ಕಟ್ಟಿದ್ದು! ಈ ಇಕ್ಕಳವೂ ನನ್ನ ಹೊಸ ಇಕ್ಕಳ!" ಅವರ ಸ್ವರ ಸತ್ಯಮೂರ್ತಿಯದಕ್ಕಿಂತ ಮೇಲೆ ಹೋಯಿತು. "ಯಾವ ಮುಠ್ಠಾಳ ಮಾಡಿದ್ದು ಇದನ್ನು?"

"ನೀವಲ್ಲವೇ?"

"ನಿಮಗೆ ಬುದ್ಧಿ ಉಂಟಾ, ಸತ್ಯಮೂರ್ತಿಯವರೇ? ನನಗೆ ಚರ್ಮ ಎತ್ತಲೇಬೇಕು ಅಂತ ಬಂದ್ರೆ ಕೈಯಲ್ಲೇ ಎತ್ತುದು. ಕೈ ತೊಳೆಯಲಿಕ್ಕೆ ಬಾವಿ ಉಂಟು, ನಲ್ಲಿ ಉಂಟು. ತಲೆಗೆ ನಾಲ್ಕು ಕೊಡ ಸುರಿದ್ರೆ ನಾನು ಮೊದಲಿನ ಹಾಗೇ. ಇಕ್ಕಳಕ್ಕೆ ತಾಗಿಸಿದ್ರೆ ಅಡಿಗೆಮನೆಯೇ ಹೋಯ್ತು! ಎಲೆಯ ಮೇಲೆ ಇಟ್ಟರೆ ಉಣ್ಣುವವರ ಗತಿ ಎಂತದು? ಅಡಿಗೆ ಮಾಡುವವ ಯಾವನೂ ಇದನ್ನು ಮಾಡುದಿಲ್ಲ. ಮಡಿಯ ಮನೆಯಲ್ಲಿ ಕೂತು ಉಂಡದ್ದು ಮಾತ್ರ ಗೊತ್ತಿದ್ದವ, ಒಂದು ದಿನ ಬಡಿಸಿ ಗೊತ್ತಿಲ್ಲದವ, ಅಂಥವ ಮಾಡಿದ್ದು ಇದು."

ಸತ್ಯಮೂರ್ತಿಗೆ ತನ್ನ ಬಾಲ್ಯ ನೆನಪಾಯಿತು. ಮೈಸೂರಿನ ಮನೆಯಲ್ಲಿ ತನ್ನ ಅಜ್ಜಿ, ಕೆಳಗೆ ಬಿದ್ದ ಗಡಿಯಾರದ ಚರ್ಮದ ಪಟ್ಟಿಯನ್ನು ಬರಿಗೈಯಲ್ಲೇ ಎತ್ತಿ ಅವನ ಮೇಲೆ ಎಸೆದು ಸೀದಾ ಬಚ್ಚಲಿಗೆ ಹೋಗಿದ್ದಳು. ಅದೇ ಪಟ್ಟಿಯನ್ನು ತಾನು ಬರೆಯುವ ರೂಲುಕಡ್ಡಿಯಿಂದ ತಳ್ಳಲು ಹೋಗಿ ಬೈಸಿಕೊಂಡಿದ್ದ. ಹೌದು, ಹೇಸಿಗೆ ಗಂಡಸರಿಗೆ ಬರುತ್ತದೆ. ಅದರ ಕಟ್ಟುಪಾಡು ಒಲೆಯ ಮುಂದೆ ನಿಂತವರಿಗೆ ಮಾತ್ರ ಗೊತ್ತು. ಮಡಿ ಎಂದರೆ ಐತಾಳ ಎಂದು ಓಡಿಬಂದ ತನಗೂ, ಚರ್ಮ ಎಂದರೆ ಗದಿಗೆಪ್ಪ ಎಂದು ಓಡಿಹೋದ ಪೊಲೀಸರಿಗೂ ಏನು ವ್ಯತ್ಯಾಸ? ಅವನಿಗೆ ತನ್ನ ಮೇಲೇ ಸಿಟ್ಟು ಬಂತು.

"ತಪ್ಪಾಯಿತು, ಐತಾಳರೇ."

"ತಪ್ಪು ಇರಲಿ." ಐತಾಳರ ಸಿಟ್ಟು ಇಳಿದಿರಲಿಲ್ಲ. "ದೂಜನಿಗೆ ನಾನು ಹೊರಗೇ ಬಡಿಸಿದ್ದು, ಒಳಗೆ ಕರೆದಿಲ್ಲ. ಹಾಗಂತ ಅವನನ್ನು ಕೊಂದವ ನನ್ನ ಕೈಯಲ್ಲಿ ಉಣ್ಣುದಾ? ಹುಡುಕಿ ಅವನನ್ನು!"

"ಈ ಎಲೆ, ಇಕ್ಕಳ ಗಾಡಿಯಲ್ಲಿ ಎಲ್ಲಿದ್ದವು?"

"ಅಡಿಗೆಮನೆಯ ಕಪಾಟಿನಲ್ಲಿ. ಬೀಗ ಹಾಕಿ ಇತ್ತು."

"ಬೀಗ ಒಡೆದಿಲ್ಲ. ನಾನು ನೋಡಿದ್ದೇನೆ. ಕೀಲಿಕೈ?"

"ಒಂದು ಇಲ್ಲಿ ಉಂಟಲ್ಲ." ಐತಾಳರು ಜನಿವಾರ ಎತ್ತಿ ತೋರಿಸಿದರು. ಆಮೇಲೆ ಏನೋ ಹೊಳೆದವರಂತೆ ಒಗ್ಗರಣೆ ಸೌಟನ್ನು ಮತ್ತೆ ಕೈಗೆ ತೆಗೆದುಕೊಂಡರು.

"ಇನ್ನೊಂದು?"

"ಇನ್ನೊಂದು... ದೇವರ ದೀಪ, ಅರಸಿನ ಕುಂಕುಮ ಎಲ್ಲ ಇಡ್ಲಿಕ್ಕೆ ಹೆಂಗಸರ ಕಡೆಯಿಂದ ಒಬ್ಬರು ಬಂದಿದ್ರು. ಅವರ ಹತ್ತಿರ ಕೊಟ್ಟಿದ್ದೆ. ಇನ್ನೂ ವಾಪಸು ಬರಲಿಲ್ಲ."

"ಯಾರ ಹತ್ತಿರ, ಐತಾಳರೇ?"

ಐತಾಳರು ಸಾರಿನ ಕೊಪ್ಪರಿಗೆಯನ್ನೇ ನೋಡುತ್ತ ಹೇಳಿದರು:

"ನಿಮ್ಮ ಮನೆಯವರ ಹತ್ತಿರ."

*

ಮಾಟುಂಗದಿಂದ ಸಯನ್ನಿನ ತನ್ನ ಮನೆಗೆ ಲೋಕಲ್‌ನಲ್ಲಿ ಒಂದೇ ಸ್ಟೇಷನ್ನು. ಸತ್ಯಮೂರ್ತಿ ಲೋಕಲ್ ಹತ್ತಲಿಲ್ಲ. ಬಿಸಿಲಲ್ಲಿ ದಾಪುಗಾಲು ಹಾಕಿ ನಡೆದ. ನಾಗವ್ವ ಹಿಂದೆಯೇ ಬಂದಳು. ಬಿಲ್ಡಿಂಗಿನ ಮೂರನೆಯ ಮಾಳಿಗೆಯ ಹತ್ತಿರ ಬಂದಾಗ, ಮೆಟ್ಟಿಲ ತಿರುವಿನಲ್ಲಿ ತಾನಾಗಿಯೇ ಕುಳಿತುಬಿಟ್ಟಳು. ಮುಂದೆ ಎಲ್ಲಿಯವರೆಗೆ ಬರಬಹುದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಬಾಗಿಲು ತೆರೆದ ರಮಾಮಣಿ ಗಂಡನ ಮುಖ ನೋಡಿ ಬೆಚ್ಚಿದಳು.

"ಯಾಕ್ರೀ, ಹೀಗೆ ಕೆಂಡವಾಗಿ ಬಂದಿದೀರ? ಯಾರವಳು ಮೆಟ್ಟಿಲ ಮೇಲೆ?"

"ಗಾಡಿಯ ಅಡಿಗೆಮನೆಯ ಕೀಲಿಕೈ ಎಲ್ಲಿ, ರಮಾ?"

ರಮಾಮಣಿಯ ಕೈ ಸೊಂಟಕ್ಕೆ ಹೋಯಿತು. ಅಲ್ಲಿ ಮನೆಯ ಕೀಲಿಗೊಂಚಲಿತ್ತು. ಆ ಕೀಲಿಕೈ ಅದರಲ್ಲಿರಲಿಲ್ಲ.

"ಶೇಖರ ಇಸಕೊಂಡ. ಮೊನ್ನೆ ಮಧ್ಯಾಹ್ನ. ಏನೋ ಸಾಮಾನು ಇಡಬೇಕು ಅಂದ. ನಿಮಗೆ ಹೇಳಬೇಡ ಅಂದ. ಅದರಲ್ಲೇನಿದೆ ಅಂತ ನಾನೂ..."

"ಎಲ್ಲಿದ್ದಾನೆ?"

"ಮೊನ್ನೆಯಿಂದ ಜ್ವರ ಅಂತ ಇಲ್ಲೇ ಮಲಗಿದಾನಲ್ಲ. ಈಗ ಎದ್ದು ಒಂದು ತುತ್ತು ಉಣ್ತಾ ಇದಾನೆ. ಊಟದ ಮೇಲೆ ಕೇಳಿ, ನಿಮ್ಮ ದಮ್ಮಯ್ಯ."

ಸತ್ಯಮೂರ್ತಿ ಅವಳನ್ನು ದಾಟಿ ಒಳಗೆ ಹೋದ.

ಅಡಿಗೆಮನೆಯಲ್ಲಿ ಮಣೆಯ ಮೇಲೆ ಕೂತು ಶೇಖರ ಮೊಸರನ್ನ ಕಲಸುತ್ತಿದ್ದ. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಹುಡುಗ. ತೆಳ್ಳಗೆ, ಚೆಂದಕ್ಕೆ ತಿದ್ದಿದ ಮೀಸೆ. ಸಿಗರೇಟು ಸೇದುತ್ತಿದ್ದ, ಹೊಳೆಯುವ ಬೂಟು ಹಾಕುತ್ತಿದ್ದ, ಅಕ್ಕನ ಪೂಜೆ ಪುನಸ್ಕಾರಗಳನ್ನು ನೋಡಿ ನಗುತ್ತಿದ್ದ. ಆ ನಗುವಿಗೆ ಸತ್ಯಮೂರ್ತಿಯೂ ಎಷ್ಟೋ ಸಲ ಜೊತೆಗೂಡಿದ್ದುಂಟು.

ಸತ್ಯಮೂರ್ತಿ ಜೇಬಿನಿಂದ ಚರ್ಮದ ವಾಷರು ತೆಗೆದು ತಟ್ಟೆಯ ಪಕ್ಕಕ್ಕೆ ಎಸೆದ.

ಶೇಖರ ಹಾವು ಕಂಡವನಂತೆ ಹಿಂದಕ್ಕೆ ಹಾರಿದ. ತಟ್ಟೆ ಮಗುಚಿತು.

"ಅಯ್ಯಯ್ಯೋ, ಉಣ್ಣುವ ಹತ್ತಿರ ಎಂಥದ್ದನ್ನ ತಂದು ಹಾಕ್ತೀರಿ!" ರಮಾಮಣಿ ಕೂಗಿದಳು.

"ಕಾಲಿಗೆ ಬೂಟು ಆಗುತ್ತೆ, ಕೈಗೆ ವಾಷರು ಆಗೋಲ್ಲ, ಅಲ್ಲವೇನೋ ಶೇಖರ? ಇಕ್ಕಳ ಬೇಕಾಯಿತು. ಊಟದೆಲೆ ಬೇಕಾಯಿತು!"

"ಭಾವ, ಪ್ಲೀಸ್... ಯೇ ಸಬ್ ಕ್ಯಾ ಹೈ? ನನಗೆ ಫೀವರ್ ಇದೆ."

"ನಿನಗೆ ಇರುವುದು ಜ್ವರ ಅಲ್ಲ. ಪೆಟ್ಟಿಗೆಯಿಂದ ಒಯ್ದ ಬೆಲ್ಟು ಎಲ್ಲಿ? ಬ್ರೇಕಿನ ಕಪ್ಪು ಎಲ್ಲಿ?"

ಶೇಖರ ಅಕ್ಕನ ಮುಖ ನೋಡಿದ. ಭಾವನ ಮುಖ ನೋಡಿದ.

"ಮಾಹೀಮ್ ಖಾಡಿಯ ನೀರಲ್ಲಿ ಬಿಸಾಕ್ದೆ."

"ಎಲ್ಲ ಹಳೇದು. ಹೊಸದರ ದುಡ್ಡು ಉಳಿಸೋದಕ್ಕೆ ಪಾಲಿಶ್ ಹಾಕಿ ದೂಜನಿಗೆ ಕೊಟ್ಟವನು ನೀನೇ?"

"ಹಾಂ. ಬಟ್ ಅದು ಬರೀ ಸ್ಪೇರ್, ಭಾವ! ಸ್ಪೇರ್ ಅಂದ್ರೆ ಪೆಟ್ಟಿಗೆಯಲ್ಲೇ ಇರತ್ತೆ, ಯಾರೂ ಯೂಸ್ ಮಾಡೋದೇ ಇಲ್ಲ. ಗಾಡಿ ಹೋಗತ್ತೆ, ಬರತ್ತೆ, ಬಸ್. ಎಲ್ಲಾರೂ ಹಾಗೇ ಮಾಡ್ತಾರೆ."

ಸತ್ಯಮೂರ್ತಿ ಅವನ ಶರಟಿನ ಕಾಲರ್ ಹಿಡಿದು ಗೋಡೆಗೆ ಒತ್ತಿದ.

"ಘಾಟಿಯಲ್ಲಿ ಬ್ರೇಕು ಹಿಡಿಯದಿದ್ದಾಗ ಆ ಸ್ಪೇರನ್ನೇ ಕಣೋ ದೂಜ ಹಾಕುತ್ತಿದ್ದದ್ದು! ಅದನ್ನು ನಂಬಿ ಮುಂದಿನ ಇಳಿಜಾರಿಗೆ ಗಾಡಿ ಬಿಡುತ್ತಿದ್ದ. ಆ ಗಾಡಿಯಲ್ಲಿ ಮಾಟುಂಗದ ಮುದುಕಿಯರು ಕೂರುತ್ತಿದ್ದರು, ಮಕ್ಕಳು ಕೂರುತ್ತಿದ್ದವು. ನಿನ್ನ ಅಕ್ಕ ಕೂರುತ್ತಿದ್ದಳು, ನಿನ್ನ ಒಡಹುಟ್ಟಿದ ಅಕ್ಕ!"

ರಮಾಮಣಿ ಬಾಯಿಗೆ ಸೆರಗು ಒತ್ತಿಕೊಂಡಳು.

"ದೂಜ ಕಂಡುಹಿಡಿದ, ಅಲ್ಲವಾ?"

"ಹೌದು." ಶೇಖರ ಉಸಿರು ಸಿಗದೆ ತೊದಲಿದ. "ಬೆಲ್ಟು ಬೆಂಡ್ ಮಾಡಿ ನೋಡ್ದ. ಕೈಯೆಲ್ಲ ಕಪ್ಪಾಯ್ತು. ಶುಕ್ರವಾರ ಯಾತ್ರೆಯವರೆಲ್ಲರ ಮುಂದೆ ಪೆಟ್ಟಿಗೆ ತೆಗೆದು ತೋರಿಸ್ತೇನೆ ಅಂದ."

"ಅದಕ್ಕೆ ಕೊಂದೆ."

"ನಹೀಂ, ಭಾವ! ದೇವರಾಣೆ! ನಾನು ಪೆಟ್ಟಿಗೆ ಮಾತ್ರ ತೆಗೆದದ್ದು. ಆ ಅಡೆ ತೆಗೆದದ್ದು ನಾನಲ್ಲ. ಅದನ್ನ ನನ್ನಿಂದ ಎತ್ತೋದಕ್ಕೂ ಆಗೋಲ್ಲ."

ಆ ದಿಮ್ಮಿಗಳ ಭಾರ ಸತ್ಯಮೂರ್ತಿಯ ಸೊಂಟಕ್ಕೆ ಇನ್ನೂ ನೆನಪಿತ್ತು. ಹಿಡಿತ ಸ್ವಲ್ಪ ಸಡಿಲವಾಯಿತು.

"ಮತ್ತೆ ಯಾರು?"

ಶೇಖರ ಹಿಂದಿನ ಬಾಗಿಲ ಕಡೆ ನೋಡಿದ.

"ಬೊಗಳೋ! ಅಲ್ಲಿ ಒಬ್ಬ ಏನೂ ಮಾಡದವನು ಬೆತ್ತದ ಏಟು ತಿನ್ನುತ್ತಿದ್ದಾನೆ. ನೀನು ಇಲ್ಲಿ ಮೊಸರನ್ನ ತಿನ್ನುತ್ತೀಯ. ನಾಳೆ ಬೆಳಿಗ್ಗೆ ಅವನನ್ನು ಕೋರ್ಟಿಗೆ ಒಯ್ಯುತ್ತಾರೆ. ಎದ್ದೇಳು, ಈಗಲೇ ಠಾಣೆಗೆ ನಡಿ!"

ರಮಾಮಣಿ ನಡುವೆ ಬಂದು ಗಂಡನ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು.

"ಬೇಡಾಂದ್ರೆ. ಅಪ್ಪ ಅಮ್ಮ ಹೋದ ಮೇಲೆ ನಾನೇ ಇವನನ್ನ ಸಾಕಿದ್ದು. ಗಾಡಿ ಹೋಗೋದು ಬೇಡ. ಯಾತ್ರೆ ನಿಲ್ಲಿಸ್ತೀನಿ, ನಾನೇ ಎಲ್ಲರಿಗೂ ಹೇಳ್ತೀನಿ. ಇವನನ್ನ ಮಾತ್ರ ಬಿಟ್ಟುಬಿಡಿ. ಪೊಲೀಸಿನವರು ಹೇಗೂ ಒಬ್ಬನನ್ನ ಹಿಡಿದಾಗಿದೆಯಲ್ಲ!"

ಆಡಿದ ಮೇಲೆ ಆ ಮಾತು ಅವಳಿಗೇ ಕೇಳಿಸಿತೇನೋ. ಅವಳ ಕೈ ಸಡಿಲವಾಯಿತು. ಸತ್ಯಮೂರ್ತಿಗೆ ಹೆಂಡತಿಯ ಮುಖ ನೋಡಲಾಗಲಿಲ್ಲ.

"ಅವ ನನ್ನ ಗಂಡರೀ, ಅಕ್ಕಾರ."

ಅಡಿಗೆಮನೆಯ ಬಾಗಿಲಲ್ಲಿ ನಾಗವ್ವ ನಿಂತಿದ್ದಳು. ಮೆಟ್ಟಿಲ ತಿರುವಿನಿಂದ ಹೊಸ್ತಿಲಿಗೆ, ಹೊಸ್ತಿಲಿನಿಂದ ನಡುಮನೆಗೆ, ನಡುಮನೆಯಿಂದ ಇಲ್ಲಿಗೆ, ಅವಳು ಯಾವಾಗ ಬಂದಳೋ ಯಾರೂ ನೋಡಿರಲಿಲ್ಲ.

"ನೀನು... ಒಳಗೆ ಯಾಕೆ ಬಂದೆ?" ಎಂದಳು ರಮಾಮಣಿ.

"ಹೊರಗ ಕುಂತ್ರ ಕೇಳ್ತಿರಲಿಲ್ಲರಿ ಇದು." ನಾಗವ್ವನ ದನಿ ಏರಲಿಲ್ಲ. "ನಿಮ್ಮ ತಮ್ಮನ್ನ ನೀವು ಸಾಕೀರಿ. ನನ್ನ ಗಂಡನ್ನ ಯಾರೂ ಸಾಕಿಲ್ಲೇನ್ರೀ? ಅವನ ಅವ್ವ ಇನ್ನೂ ಅದಾಳ. ಆಕೀ ಮುಂದ ಹೋಗಿ ಹೇಳ್ರಿ ಈ ಮಾತ, ಹೇಳ್ರಿ ನೋಡೋಣು!"

ರಮಾಮಣಿ ಗೋಡೆಗೆ ಒರಗಿ ಕುಸಿದಳು. ಸತ್ಯಮೂರ್ತಿ ಅವಳ ಕಡೆಗೆ ತಿರುಗಿದ. ಅಷ್ಟೇ ಸಾಕಾಯಿತು.

ಹಿಂದಿನ ಬಾಗಿಲು ಧಡ್ ಎಂದಿತು. ಮಣೆಯ ಮುಂದೆ ಚೆಲ್ಲಿದ ಮೊಸರನ್ನದ ಮೇಲೆ ಹೆಜ್ಜೆ ಮೂಡಿತ್ತು. ಶೇಖರ ಇರಲಿಲ್ಲ.

ಆ ಬಿಲ್ಡಿಂಗಿಗೆ ಹಿಂದುಗಡೆ ಸುತ್ತಿ ಇಳಿಯುವ ಕಬ್ಬಿಣದ ಮೆಟ್ಟಿಲಿತ್ತು. ಕಕ್ಕಸು ತೊಳೆಯಲು ಬರುವವರಿಗೆಂದು ಕಟ್ಟಿದ್ದು. ಮನೆಯವರು ಯಾರೂ ಅದರ ಮೇಲೆ ಕಾಲಿಟ್ಟವರಲ್ಲ. ಶೇಖರ ಬಾಲ್ಯದಲ್ಲಿ ಚೆಂಡು ಬಿದ್ದರೂ ಇಳಿದವನಲ್ಲ. ಈಗ ಅದರ ಮೇಲೆ ಬರಿಗಾಲಲ್ಲಿ ದಡದಡ ಓಡುತ್ತಿದ್ದ.

"ಆ ಮೆಟ್ಟಿಲಾ?" ನಾಗವ್ವ ಸೆರಗನ್ನು ಸೊಂಟಕ್ಕೆ ಬಿಗಿದಳು. "ಅದು ನಮ್ಮಂಥವರ ದಾರಿರೀ. ನಾ ಹಿಡೀತೀನಿ."

ಸತ್ಯಮೂರ್ತಿ ನಿಲ್ಲು ಎನ್ನುವುದರೊಳಗೆ ಅವಳು ಒಂದು ಸುತ್ತು ಇಳಿದಾಗಿತ್ತು. ಅವನೂ ಹಿಂದೆಯೇ ಇಳಿದ. ತುಕ್ಕು ಅಂಗೈಗೆ ಚುಚ್ಚಿತು, ಮೆಟ್ಟಿಲು ಅಲುಗಾಡಿತು. ಮೊದಲ ಮಾಳಿಗೆಯ ಹತ್ತಿರ ಬಂದಾಗ ಕೆಳಗಿನ ಓಣಿ ಪೂರ್ತಿ ಕಾಣಿಸಿತು.

ಓಣಿಯಲ್ಲಿ ಒಂದು ಕಪ್ಪು ಕಾರು ಎಂಜಿನ್ ಆರಿಸದೆ ನಿಂತಿತ್ತು. ಯಾರೋ ಒಳಗಿನಿಂದ ಬಾಗಿಲು ತೆಗೆದು ಹಿಡಿದಿದ್ದರು. ಶೇಖರ ಅದರೊಳಗೆ ಬಿದ್ದ, ಬಾಗಿಲು ಮುಚ್ಚಿತು. ಸ್ಟಿಯರಿಂಗ್ ಹಿಡಿದಿದ್ದ ಬಿಳಿ ಶರಟಿನ ದಪ್ಪ ತೋಳು ಸತ್ಯಮೂರ್ತಿಗೆ ಮೇಲಿನಿಂದಲೇ ಗುರುತು ಸಿಕ್ಕಿತು. ಮರದ ಆ ದಿಮ್ಮಿಗಳನ್ನು ಎತ್ತಬಲ್ಲ ತೋಳು. ಬೆಳಿಗ್ಗೆ ಎಲೆಯನ್ನು ನೋಡಿ ಅವನು ಹೊರಟದ್ದು ಹೊಟೇಲಿಗಲ್ಲ, ಶೇಖರನ ಬಾಯಿ ಮುಚ್ಚಿಸಲು ಇಲ್ಲಿಗೆ.

"ಮೋನಪ್ಪ!"

ಮೋನಪ್ಪ ತಲೆ ಎತ್ತಿ ನೋಡಿದ. ಬೆಳಿಗ್ಗೆ ದೂಜನಿಗಾಗಿ ಕೆಂಪಾಗಿದ್ದ ಕಣ್ಣು ಈಗ ಒಣಗಿತ್ತು. ಆತುರವಿಲ್ಲದೆ ಮುಖ ಮುಂದಕ್ಕೆ ತಿರುಗಿಸಿದ.

ಮುಂದೆ ನಾಗವ್ವ ಇದ್ದಳು. ಅಲ್ಲಿಂದಾಚೆ ಓಣಿ ಕಾರಿನಷ್ಟೇ ಅಗಲ, ಎರಡು ಕಡೆಯೂ ಗೋಡೆ. ಅವಳು ಬಾನೆಟ್ಟಿನ ಮೇಲೆ ಎರಡೂ ಕೈ ಊರಿ ನಿಂತಿದ್ದಳು.

"ಇವನ್ನ ಇಳಸು," ಎಂದಳು. "ಇಳಸಿ ಹೋಗು ಎಲ್ಲಿಗಾರ."

ಮೋನಪ್ಪ ಹಾರ್ನ್ ಹೊಡೆದ. ಅವಳು ಕದಲಲಿಲ್ಲ. ಒಳಗೆ ಶೇಖರ ಅವನ ತೋಳು ಹಿಡಿದು ಬೇಡ, ಬೇಡ ಎಂದು ಕಿರುಚುತ್ತಿದ್ದದ್ದು ಗಾಜಿನಾಚೆಯಿಂದಲೂ ಕೇಳಿಸಿತು.

"ನಾಗವ್ವಾ, ಸರಿ! ಪಕ್ಕಕ್ಕೆ ಸರಿ!" ಸತ್ಯಮೂರ್ತಿ ಮೇಲಿನಿಂದ ಗಂಟಲು ಹರಿಯುವಂತೆ ಕೂಗಿದ.

"ಸರಿಯಂಗಿಲ್ಲರೀ!"

ಮೋನಪ್ಪ ಗೇರು ಹಾಕಿದ.